ಆರೋಗ್ಯವಂತರ ಟ್ಯೂಬು

ಕ್ಯಾನ್ಸರ್ ಗಡ್ಡೆ ತಾನು ಹರಡುವ ಮೊದಲೇ ಎಕ್ಸೋಸೋಮ್ ಎಂಬ ಕಣ್ಣಿಗೆ ಕಾಣದ ಪೊಟ್ಟಣಗಳನ್ನು ರಕ್ತದಲ್ಲಿ ತೇಲಿಬಿಟ್ಟು, ದೂರದ ಅಂಗಗಳಲ್ಲಿ ಜಾಗ ಹದಮಾಡಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಚಂಪಕಾ ಹುಡುಕುತ್ತಿದ್ದದ್ದು ಅವನ್ನೇ. ರೋಗಿಗಳ ರಕ್ತದ ಪಕ್ಕಕ್ಕಿಟ್ಟು ನೋಡಲು ಆರೋಗ್ಯವಂತರ ರಕ್ತವೂ ಬೇಕು. ದೀಪಾವಳಿ ರಜೆಗೆ ಎಲ್ಲರೂ ಊರಿಗೆ ಹೋಗಿದ್ದರು, ಆ ಒಂದು ಟ್ಯೂಬನ್ನು ಹೇಗೋ ಹೊಂದಿಸಿಕೊಂಡಳು.

ಸಂಜೆ ತನ್ನ ಪಿಎಚ್‌ಡಿ ಗೈಡಿಗೆ ಫೋನ್ ಮಾಡಿದಳು.

"ಸರ್, ಆರೋಗ್ಯವಂತರ ಟ್ಯೂಬಲ್ಲೇ ಎಕ್ಸೋಸೋಮ್ ಜಾಸ್ತಿ ಕಾಣ್ತಿದೆ."

"ಟ್ಯೂಬು ಅದಲುಬದಲಾಗಿರ್ಬೇಕು, ನೋಡಮ್ಮ."

"ಇಲ್ಲ ಸರ್. ಹೊಸದಾಗಿ ರಕ್ತ ತೆಗೆದು ಮತ್ತೆ ನೋಡ್ದೆ. ಅದೇ ಬಂತು."



"ಹಾಗಾದ್ರೆ ರಕ್ತ ಕೊಟ್ಟವರು ನಾಳೆನೇ ಡಾಕ್ಟರಿಗೆ ತೋರಿಸ್ಲಿ. ಒಬ್ಬರೇ ಹೋಗೋದು ಬೇಡ, ಮನೆಯವರು ಯಾರಾದ್ರೂ ಜೊತೆಗಿರ್ಲಿ ಅಂತ ಹೇಳು."

ಚಂಪಕಾ ಮೊಣಕೈ ಮಡಿಕೆಗೆ ಅಂಟಿಸಿಕೊಂಡಿದ್ದ ಹತ್ತಿಯನ್ನು ಮೆಲ್ಲಗೆ ಬಿಡಿಸಿದಳು.

"ನಂಗೆ ಯಾರೂ ಇಲ್ಲ, ಸರ್."