ಪಾಳಾ ದಾರಿಯಲ್ಲಿ ಎರಡು ಸೈಕಲ್ಲು

ಈರಕ್ಕ ಸೈಕಲ್ಲು ನಿಲ್ಲಿಸಿ ತಿರುಗಿ ನೋಡಿದಳು. ಹಿಂದಿನ ತಿರುವಿನಲ್ಲಿ ಅವನೂ ನಿಂತ. ನಿಂತರೂ ಗಂಟೆ ಬಾರಿಸುವುದನ್ನು ಮಾತ್ರ ಬಿಡಲಿಲ್ಲ.

ಕರಿ ಕಂಬಳಿ ಹೊದ್ದಿದ್ದ. ಮುಖ ಕಾಣುತ್ತಿರಲಿಲ್ಲ. ಅವಳು ಹತ್ತಿದರೆ ಹತ್ತುತ್ತಿದ್ದ, ಇಳಿದರೆ ಇಳಿಯುತ್ತಿದ್ದ. ಹತ್ತಿರ ಬರುತ್ತಿರಲಿಲ್ಲ, ದೂರವೂ ಆಗುತ್ತಿರಲಿಲ್ಲ. ಇದು ನಾಲ್ಕನೆಯ ಬುಧವಾರ.

ಈರಕ್ಕ ಮುಂಡಗೋಡದ ದವಾಖಾನೆಯ ನರ್ಸು. ವಯಸ್ಸು ಇಪ್ಪತ್ತೆಂಟು. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಹೋಗಿ ಹೆರಿಗೆಯ ಕೆಲಸ ಕಲಿತಿದ್ದಳು. ಅಲ್ಲಿಯ ಆಸ್ಪತ್ರೆಯ ಅಂಗಳದಲ್ಲೇ ಬಿದ್ದು ಎದ್ದು ಸೈಕಲ್ಲನ್ನೂ ಕಲಿತಿದ್ದಳು. ಪ್ರತಿ ಬುಧವಾರ ಕಾಡಿನಾಚೆಯ ಪಾಳಾ ಊರಿಗೆ ಹೋಗಿ ಅಲ್ಲಿಯ ಬಸುರಿಯರನ್ನು ನೋಡಿ ಬರಬೇಕು.

ಅದು ೧೯೪೩ನೆಯ ಇಸವಿ. ಯುದ್ಧದಿಂದ ಪೆಟ್ರೋಲು ಸಿಗದಾಗಿ ಆ ದಾರಿಗಿದ್ದ ಒಂದೇ ಬಸ್ಸೂ ನಿಂತಿತ್ತು. ಜನ ಗೊಣಗಿದರು. ಈರಕ್ಕನಿಗೆ ಮಾತ್ರ ಒಳಗೊಳಗೇ ಹಿಗ್ಗು. ಧೂಳೆಬ್ಬಿಸುವ ಮೋಟಾರಿಲ್ಲ. ಹೆಂಗಸು ಸೈಕಲ್ಲು ಹೊಡೆಯುವುದನ್ನು ಬಾಯಿ ಬಿಟ್ಟು ನೋಡುವವರಿಲ್ಲ. ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟು, ಸಾಗವಾನಿಯ ನೆರಳಲ್ಲಿ ತೇಲಿಕೊಂಡು ಹೋಗುತ್ತಿದ್ದಳು. ಒಮ್ಮೊಮ್ಮೆ ಗಟ್ಟಿಯಾಗಿ ಹಾಡಿಕೊಳ್ಳುತ್ತಲೂ ಇದ್ದಳು. ತಿಂಗಳೊಪ್ಪತ್ತಿನಿಂದ ಎತ್ತಿನ ಗಾಡಿಗಳೂ ಕಾಣದಾಗಿದ್ದವು. ಸುಗ್ಗಿಯಲ್ಲವೇ, ಎತ್ತುಗಳೆಲ್ಲ ಕಣದಲ್ಲಿರಬೇಕು ಎಂದುಕೊಂಡಳು. ದಾರಿ ಪೂರ್ತಿ ತನ್ನದೇ ಆಯಿತು.

ಆಮೇಲೆ ಇವನು ಬಂದ.

ಬೆಳಿಗ್ಗೆ ಮುಂಡಗೋಡದ ಕೆರೆ ದಾಟಿದೊಡನೆ ಹಿಂದೆ ಗಂಟೆ ಕೇಳುತ್ತಿತ್ತು. ಸಂಜೆ ಪಾಳಾ ಬಿಟ್ಟು ಮರಳುವಾಗಲೂ ಅದೇ. ಮೊದಲ ವಾರ ಯಾರೋ ದಾರಿಹೋಕ ಎಂದುಕೊಂಡು, ಪಕ್ಕಕ್ಕೆ ನಿಂತು ದಾರಿ ಬಿಟ್ಟಳು. ಅವನು ಮುಂದೆ ಹೋಗಲಿಲ್ಲ. ಎರಡನೆಯ ವಾರ ಉಸಿರು ಕಟ್ಟುವಂತೆ ತುಳಿದಳು. ಗಂಟೆಯೂ ಜೋರಾಯಿತು. ಮೂರನೆಯ ವಾರ ಯಾರು ಎಂದು ಕೂಗಿ ಕೇಳಿದಳು. ಅವನು ಮುಖವನ್ನು ಪೊದೆಗಳ ಕಡೆ ತಿರುಗಿಸಿಕೊಂಡ. ನರಪಿಳ್ಳೆಯಿಲ್ಲದ ದಾರಿಯಲ್ಲಿ ಯಾರನ್ನು ಸರಿಸಲಿಕ್ಕೆ ಆ ಗಂಟೆ? ತನ್ನನ್ನು ಹೆದರಿಸಲಿಕ್ಕೇ ಇರಬೇಕು. ಒಂದು ದಿನ ಗಂಟೆ ನಿಲ್ಲುತ್ತದೆ, ಅಂದು ಅವನು ಹತ್ತಿರ ಬರುತ್ತಾನೆ ಎಂದು ಅವಳಿಗೆ ಅನ್ನಿಸತೊಡಗಿತು.

ಪಾಳಾದಲ್ಲಿ ಅವಳು ಬಸುರಿಯರನ್ನು ನೋಡುವುದು ಕಾಶೆವ್ವನ ಕಟ್ಟೆಯ ಮೇಲೆ. ಕಾಶೆವ್ವ ಊರಿಗೆ ಹಿರಿಯಳು, ಬಾಯಿಗೆ ಬಿಡುವಿಲ್ಲದವಳು. ಹಿಂದಿನ ವಾರ ಈರಕ್ಕ ಅವಳೆದುರು ಈ ಮಾತು ತೆಗೆದಿದ್ದಳು. ಕಾಶೆವ್ವ ಉಳಿದ ಹೆಂಗಸರ ಮುಖ ನೋಡಿದಳು. ಅವರು ನೆಲ ನೋಡಿದರು. ಕೊನೆಗೆ, ಇನ್ನು ಮುಂದೆ ಮೂರು ಗಂಟೆಗೇ ಹೊರಟುಬಿಡು ಎಂದಷ್ಟೇ ಹೇಳಿದಳು. ಇವರಿಗೆಲ್ಲ ಅವನು ಗೊತ್ತು, ಯಾರೋ ತಮ್ಮವನನ್ನು ಮುಚ್ಚಿಡುತ್ತಿದ್ದಾರೆ ಎಂದು ಈರಕ್ಕನಿಗೆ ಆಗಲೇ ಖಚಿತವಾಯಿತು.

ಹಾಗಾಗಿ ಇವತ್ತು ಬೆಳಿಗ್ಗೆ ಖಡಾಖಂಡಿತ ಹೇಳಿಬಿಟ್ಟಿದ್ದಳು. ಇನ್ನು ತಾನು ಬರುವುದಿಲ್ಲ, ಹೆರಿಗೆಗೆ ಮುಂಡಗೋಡಕ್ಕೇ ಬರಬೇಕು. ಲಂಬಾಣಿ ತಾಂಡಾದ ಚಾಂದಿಬಾಯಿ ಅವಳ ಕೈ ಹಿಡಿದು ಅತ್ತಳು. ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಹಿಂದಿನ ಎರಡು ಕೂಸು ಹೆರಿಗೆಯಲ್ಲೇ ಹೋಗಿದ್ದವು, ಎರಡನೆಯ ಸಲ ಅವಳೂ ಹೋಗಿ ಬಂದಂತಾಗಿತ್ತು. ಈರಕ್ಕ ಕೈ ಬಿಡಿಸಿಕೊಂಡಳು.

ಈಗ ಅವಳು ಮತ್ತೆ ಸೈಕಲ್ಲು ಹತ್ತಿದಳು. ಮುಂದೆ ಬಿದಿರಿನ ಹಿಂಡು, ಅದರ ನಡುವೆ ಒಂದು ಸಣ್ಣ ಸೇತುವೆ. ಅಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಸೇತುವೆ ದಾಟುವಾಗ ಕಾಲ ಕೆಳಗೆ ಏನೋ ಕಳಚಿಕೊಂಡಿತು. ಚೈನು ಜೋತುಬಿತ್ತು.

ಗಂಟೆ ಹತ್ತಿರವಾಯಿತು. ಈ ಸಲ ಅವನು ನಿಲ್ಲಲಿಲ್ಲ.

ಈರಕ್ಕ ಚೀಲಕ್ಕೆ ಕೈ ಹಾಕಿ, ಹೊಕ್ಕುಳ ಬಳ್ಳಿ ಕತ್ತರಿಸುವ ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದಳು.

ಅವನು ಬಂದವನೇ ಸೈಕಲ್ಲನ್ನು ಸೇತುವೆಯ ಕಟ್ಟೆಗೆ ಒರಗಿಸಿದ. ಅವಳನ್ನು ನೋಡಲೇ ಇಲ್ಲ. ಅವಳ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿದಿರಿನ ಕಡೆ ಮುಖ ಮಾಡಿ, ನೋಡದೆಯೇ ಚೈನು ಏರಿಸತೊಡಗಿದ. ಕಂಬಳಿ ಜಾರಿತು. ಮೂವತ್ತರ ಆಸುಪಾಸಿನ ಸಣಕಲ. ಚೈನು ಎರಡು ಸಲ ಅವನ ಬೆರಳಿನಿಂದ ಜಾರಿತು.

ಈರಕ್ಕ ಕತ್ತರಿಯನ್ನು ಅವನ ಕುತ್ತಿಗೆಗೆ ಹಿಡಿದಳು.

"ಯಾರು ನೀ? ನನ್ನ ಬೆನ್ನ ಯಾಕ ಹತ್ತೀದಿ?"

"ಲಾಲು ರೀ. ಚಾಂದಿಬಾಯಿ ಗಂಡ." ಅವನು ಪಿಸುಗುಟ್ಟಿದ. "ಈ ವಾರ ನನ್ನ ಪಾಳಿ ಐತಿ. ಹ್ವಾದ ವಾರ ಥಾವರೆಪ್ಪ ಬಂದಿದ್ದ."

ಒಬ್ಬನಲ್ಲ. ನಾಲ್ಕು ಬುಧವಾರ, ಬೇರೆ ಬೇರೆ ಗಂಡಸರು, ಒಂದೇ ಕಂಬಳಿ. ಎಂಥ ಪಾಳಿ ಎಂದು ಈರಕ್ಕ ಕೇಳಿದಳು. ಅವನು ಹೇಳಿದ. ಬುಧವಾರಕ್ಕೊಬ್ಬ ಗಂಡಸು ಅವಳ ಹಿಂದೆ ಗಂಟೆ ಬಾರಿಸುತ್ತ ಹೋಗಬೇಕೆಂದು ಊರ ಹೆಂಗಸರೆಲ್ಲ ಕೂಡಿ ಗೊತ್ತು ಮಾಡಿದ್ದಂತೆ. ನರ್ಸಬಾಯಿಗೆ ಬಾಯಿ ಬಿಡಬಾರದೆಂದು ಕಾಶೆವ್ವ ಒಬ್ಬೊಬ್ಬರಿಂದಲೂ ಆಣೆ ಮಾಡಿಸಿಕೊಂಡಿದ್ದಳಂತೆ.

"ಹೇಳಿದ್ರ ನೀವು ಬರೂದು ಬಿಡ್ತಿದ್ರಿ. ನೀವು ಬರದಿದ್ರ ನನ್ನ ಹೆಂಡ್ತಿ ಉಳ್ಯಾಂಗಿಲ್ರಿ."

"ಏನ್ ಹೇಳಿದ್ರ?"

ಚೈನು ಹಲ್ಲಿಗೆ ಕೂತಿತು. ಲಾಲು ಮೆಲ್ಲಗೆ ಎದ್ದ. ಬಿದಿರಿನಿಂದ ಕಣ್ಣು ಕೀಳಲಿಲ್ಲ.

"ಹತ್ರಿ. ಇವತ್ತ ಜೋಡೀಲೆ ಹೋಗೂಣು," ಎಂದು, ಅವರು ಬಂದ ದಾರಿಯ ಕಡೆ ಬೆರಳು ತೋರಿಸಿದ.

ಕೆಂಪು ಧೂಳಿನಲ್ಲಿ ಅವಳ ಗಾಲಿಯ ಗೆರೆ ಇತ್ತು. ಆ ಗೆರೆಯನ್ನು ತುಳಿದುಕೊಂಡು, ಹುಲಿಯ ಹೆಜ್ಜೆಗಳು, ಒಂದೊಂದೂ ಅಂಗೈಗಿಂತ ದೊಡ್ಡವು. ಆ ಹೆಜ್ಜೆಗಳ ಮೇಲೆ, ಲಾಲುವಿನ ಗಾಲಿಯ ಗೆರೆ.