ಮೃತರೊಂದಿಗಿನ ಸಂಬಂಧ

“ಅಂಕಲ್, ವೈರವನ್ ನಿಮಗೆ ಏನಾಗ್ಬೇಕು?” ಆಸ್ಪತ್ರೆಯ ಶವಾಗಾರದ ಕಿಟಕಿಯಾಚೆಯಿಂದ ಗುಮಾಸ್ತೆ ಶರೀಫಾ ಕೇಳಿದಳು.

ಎಪ್ಪತ್ತನಾಲ್ಕರ ಬೂನ್ ಲೈ ಯೋಚಿಸಿದ. ಹೋಟೆಲು ಸಾಲಿನಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಕಂಕುಳಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ತಾನು ಸತ್ತಾಗ ಇದನ್ನೇ ತೊಡಿಸಬೇಕೆಂದು ವೈರವನ್ ಎತ್ತಿಟ್ಟುಕೊಂಡಿದ್ದ.

“ಏನೂ ಆಗ್ಬೇಕಿಲ್ಲ. ಒಂದೇ ಕೋಣೇಲಿದ್ವಿ. ಎಂಟು ವರ್ಷ.”

ಸಿಂಗಪುರದ ಸರ್ಕಾರಿ ಬಾಡಿಗೆ ಮನೆ. ಒಂಟಿ ಬಡವನೊಬ್ಬನಿಗೆ ಪೂರ್ತಿ ಕೋಣೆ ಸಿಗದು. ಹಾಗಾಗಿ ಮುಖಪರಿಚಯವೂ ಇಲ್ಲದ ಚೀನೀಯನೊಬ್ಬನನ್ನೂ ತಮಿಳನೊಬ್ಬನನ್ನೂ ಜೋಡಿ ಮಾಡಿ ಬೀಗದ ಕೈ ಕೊಟ್ಟಿದ್ದರು.

“ಸ್ನೇಹಿತ ಅಂತ ಹಾಕ್ಲಾ?”

“ಬೇಡ, ಸುಳ್ಳಾಗುತ್ತೆ. ಫ್ಯಾನಿನ ವಿಷಯಕ್ಕೆ ಜಗಳ ಆಗಿ ಮೂರು ವರ್ಷ ಮಾತು ಬಿಟ್ಟಿದ್ವಿ.”

“ಮತ್ತೆ... ನೆರೆಯವರು?”

“ನೆರೆಯವರಾದ್ರೆ ಮಧ್ಯೆ ಒಂದು ಗೋಡೆ ಇರುತ್ತಲ್ಲಮ್ಮ. ನಮಗೆ ಅದೂ ಇರ್ಲಿಲ್ಲ.”

ಶರೀಫಾ ನಗಲಿಲ್ಲ. “ರಕ್ತಸಂಬಂಧ ಇಲ್ಲದೋರಿಗೆ ಹಾಗೆಲ್ಲ ದೇಹ ಕೊಡೋಕಾಗಲ್ಲ ಅಂಕಲ್. ಅವರ ನೆಂಟರನ್ನ ಹುಡುಕ್ತೀವಿ. ಸಿಗದಿದ್ರೆ ದಹನ ನಾವೇ ಮಾಡಿಸ್ತೀವಿ.”

“ಅವನನ್ನ ನನಗೆ ಕೊಟ್ಟಿದ್ದು ಸರ್ಕಾರವೇ ಅಲ್ವಾ? ಆವತ್ತು ಏನಾಗ್ಬೇಕು ಅಂತ ಯಾರೂ ಕೇಳ್ಲಿಲ್ಲ.”

ಅವಳು ಎದ್ದು ಒಳಗೆ ಹೋದಳು. ಮೇಲಿನವರ ಜತೆ ಏನು ಮಾತಾಡಿದಳೋ, ಇಪ್ಪತ್ತು ನಿಮಿಷ ಬಿಟ್ಟು ದೇಹ ಪಡೆಯುವ ಒಂದು ಅರ್ಜಿ ಹಿಡಿದು ಬಂದಳು. ‘ಮೃತರೊಂದಿಗಿನ ಸಂಬಂಧ’ ಎಂಬಲ್ಲಿ ತಾನೇ ‘ಇತರೆ’ ಎಂದು ಬರೆದು ಅವನ ಮುಂದಿಟ್ಟಳು.

ಬೂನ್ ಲೈ ಸಹಿ ಹಾಕಿ, ಅಂಗಿಯನ್ನು ಕಿಟಕಿಯೊಳಗೆ ತೂರಿಸಿದ. “ಕತ್ತಿನ ಗುಂಡಿ ಹಾಕ್ಬೇಡಿ. ಅವನಿಗೆ ಉಸಿರು ಕಟ್ಟುತ್ತೆ.”

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಬಾಡಿಗೆ ಮನೆಯ ಕಚೇರಿಯವರು. “ಅಂಕಲ್, ನಿಮ್ಮ ಕೋಣೇಲಿ ಒಂದು ಜಾಗ ಖಾಲಿ ಆಗಿದ್ಯಂತೆ. ಸೋಮವಾರ ಒಬ್ಬರನ್ನ ಕಳಿಸ್ತೀವಿ.”

“ವಯಸ್ಸೆಷ್ಟು?”

“ಎಂಬತ್ತೊಂದು.”

ಬೂನ್ ಲೈ ಶವಾಗಾರದ ಕಿಟಕಿಯತ್ತ ನೋಡಿದ.

“ಸ್ವಲ್ಪ ಚಿಕ್ಕೋರು ಯಾರಾದ್ರೂ ಇದ್ರೆ ನೋಡಿ,” ಎಂದ. “ಮುಂದಿನ ಸಲ ನನಗೋಸ್ಕರ ಯಾರಾದ್ರೂ ಇಲ್ಲಿಗೆ ಬರ್ಬೇಕಲ್ಲ.”