ಅಜ್ಜಿ ಚಿಲಕ ತೆಗೆದ ಮಧ್ಯಾಹ್ನ

ಲಿಂಬೆಹಣ್ಣು ಹೆಚ್ಚಿದಾಗಲೆಲ್ಲ ಟಿಕೋಟಾದ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಆಗಷ್ಟೇ ಕುಡಿತ ಬಿಟ್ಟಿದ್ದ. ತಾನೇ ಹೇಳಿ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿಕೊಂಡಿದ್ದ. ಅವ್ವ ಕಿಟಕಿಯಿಂದ ಕೊಟ್ಟ ಲಿಂಬೆ ಪಾನಕ ಅವನ ನಡುಗುವ ಕೈಯಿಂದ ಬೆವರಿಗೆ ತೊಯ್ದ ಅಂಗಿಯ ಮೇಲೆ ಚೆಲ್ಲಿತು.

"ಬಾಗ್ಲಾ ತಗಿ ಯವ್ವಾ, ಗ್ವಾಡಿ ತುಂಬ ಇರಿವಿ ಹರದಾಡಾಕತ್ತಾವು," ಎಂದು ನನ್ನನ್ನು ಬೇಡಿಕೊಂಡ. ಗೋಡೆಯ ಮೇಲೆ ಏನೂ ಇರಲಿಲ್ಲ.

"ವಿಜಾಪುರದ ದವಾಖಾನಿಗೆ ಒಯ್ಯೂಣ್ರಿ ಅತ್ತಿ," ಎಂದು ಅವ್ವ ಟಂಟಂ ಆಟೋ ಕರೆಯಲು ಓಡಿದಳು.

ಅಜ್ಜಿ ಸೆರಗಿನೊಳಗೆ ಬಾಟಲಿ ಮುಚ್ಚಿಕೊಂಡು ಬಂದು ಚಿಲಕ ತೆಗೆದಳು. "ಹಡದಾಕಿ ನಾನು. ಹಿಂಗ ನೋಡಾಕ ಆಗೂದಿಲ್ಲ," ಎನ್ನುತ್ತ ತಾನೇ ಕುಡಿಸಿದಳು.

ಅವ್ವ ಬರುವಷ್ಟರಲ್ಲಿ ಅಪ್ಪ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ. ಅವ್ವನಿಗೆ ವಾಸನೆ ಬಡಿಯಿತು. ಟಂಟಂ ವಾಪಸು ಕಳಿಸಿ ರೊಟ್ಟಿ ಬಡಿಯಲು ಕುಳಿತಳು.